ಹೆಬ್ಬೆಟ್ಟು ನನ್ನದು, ಸಾಲ ಪುಟ್ಟಮಲ್ಲಮ್ಮನವರದು

ನನ್ನ ಕಡತವನ್ನು ಮೇಜಿನ ಮೇಲಿಟ್ಟುಕೊಂಡು ಕೂತಿರುವ ಮಾನ್ಯ ಭದ್ರತಾ ಪರಿಶೀಲನಾಧಿಕಾರಿಗಳೇ,

ತಮ್ಮ ನಮೂನೆಯ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಬರೆದಿದ್ದೇನೆ. ‘ಬಾಕಿ ಸಾಲವಿದೆಯೇ?’ ಎಂಬುದರ ಮುಂದೆ ‘ಇಲ್ಲ’ ಎಂದು ತುಂಬಿದೆ. ಇದೆ. ಮೂರು ಕಂತು ಕಟ್ಟಿಲ್ಲ. ಇದನ್ನು ಬರೆಯಲು ಹೆದರಿಕೆ. ಬರೆಯದೆ ಸುಮ್ಮನಿರಲು ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿದೆ.

ನಾನು ಉಮ್ಮತ್ತೂರಿನವಳು. ಎರಡು ಬಸ್ಸು ಬದಲಾಯಿಸಿ ಗುಂಡ್ಲುಪೇಟೆಗೆ ಹೋಗಿ, ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುತ್ತಲೇ ಆರು ವರ್ಷ ಪರೀಕ್ಷೆ ಕಟ್ಟಿದೆ. ಕೊನೆಗೂ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಗೌಪ್ಯ ಕಾಗದ ಓಡಾಡುವ ಜಾಗವಂತೆ. ತಮ್ಮ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ನನ್ನ ವಯೋಮಿತಿ ಮುಗಿದಿದೆ. ಇದು ಹೋದರೆ ಇನ್ನೊಂದು ಪರೀಕ್ಷೆ ನನಗಿಲ್ಲ.

ಸಾಲದ ವಿಷಯಕ್ಕೆ ಬರುತ್ತೇನೆ. ಪಕ್ಕದ ಮನೆಯ ಪುಟ್ಟಮಲ್ಲಮ್ಮನವರು ನಲವತ್ತು ವರ್ಷ ಕೂಲಿ ಮಾಡಿ ಬೆರಳ ಗೆರೆಗಳನ್ನೇ ಸವೆಸಿಕೊಂಡವರು. ಸಂಘದ ಸಾಲಕ್ಕೆ ಹೋದಾಗ ಬೆರಳಚ್ಚಿನ ಮಿಷನ್ನು ಅವರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ನಮ್ಮ ಬೀದಿಯಲ್ಲಿ ಇಂಥ ಹೊತ್ತಿಗೆ ಯಾರ ಹೆಬ್ಬೆಟ್ಟು ಮೂಡುತ್ತದೋ ಅವರು ಒತ್ತುತ್ತಾರೆ. ನಾನು ಒತ್ತಿದೆ, ಸಾಲ ನನ್ನ ಹೆಸರಿಗೆ ದಾಖಲಾಯಿತು. ದುಡ್ಡು ಅವರ ಗಂಡನ ಕಾಲಿನ ಆಪರೇಷನ್ನಿಗೆ ಹೋಯಿತು. ಗಂಡ ಇನ್ನೂ ಎದ್ದಿಲ್ಲ, ನೋಡಿಕೊಳ್ಳುವವರಿಲ್ಲದೆ ಇವರೂ ಕೂಲಿಗೆ ಹೋಗುವಂತಿಲ್ಲ, ಕಂತು ನಿಂತಿತು. ಸಾಲ ಉಂಡವರದ್ದು, ಒತ್ತಿದವರದ್ದಲ್ಲ ಎಂಬುದು ನಮ್ಮ ಕಡೆಯ ನ್ಯಾಯ. ಹಾಗಾಗಿ ‘ಇಲ್ಲ’ ಎಂದು ತುಂಬುವಾಗ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲೇ ಇಲ್ಲ. ಕಂಪ್ಯೂಟರಿಗೆ ನಮ್ಮ ಬೀದಿಯ ನ್ಯಾಯ ಎಲ್ಲಿ ಗೊತ್ತಾಗಬೇಕು?

ವಿಚಾರಣೆಗೆ ಪೇದೆ ಬಂದಾಗ ಪುಟ್ಟಮಲ್ಲಮ್ಮನವರೇ ಟೀ ಕಾಯಿಸಿ ಕೊಟ್ಟು ಶಿಫಾರಸು ಮಾಡಿದರು: “ನಮ್ ನಾಗಮಣಿಯಂತ ಹೆಣ್ಮಗ ಈ ಊರಲ್ಲೇ ಇಲ್ಲ ಕಣಪ್ಪ. ನನ್ ಸಾಲಕ್ಕೆ ಅವ್ಳೇ ಹೆಬ್ಬೆಟ್ಟು ಒತ್ಬುಟ್ಲು. ಕಂತು ನಿಂತೋದ್ರೂ ಒಂದ್ ಮಾತ್ ಅಂದವಳಲ್ಲ.” ಪೇದೆ ಎಲ್ಲವನ್ನೂ ಬರೆದುಕೊಂಡರು. ಒಳ್ಳೆಯ ನಡತೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಆ ತಾಯಿ ಸಂಜೆಯವರೆಗೂ ಬೀಗುತ್ತಿದ್ದರು. ನಾನು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ.

ಸಾಲವಿದ್ದವರನ್ನು ಹೆದರಿಸಿ ಸರ್ಕಾರದ ಗುಟ್ಟು ಕಕ್ಕಿಸಬಹುದು, ಅದಕ್ಕೇ ಈ ನಿಯಮ ಎನ್ನುತ್ತೀರಿ. ಸಾವಿರಾರು ಕೋಟಿ ಮುಳುಗಿಸಿದವರಿಗೆ ವಿಮಾನ ಹತ್ತಲು ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಇರಲಿ ಬಿಡಿ, ಅವರೇನು ಗುಮಾಸ್ತರಾಗಲು ಬಂದಿರಲಿಲ್ಲ. ಆದರೆ ನಿಜ ಹೇಳುತ್ತೇನೆ, ತಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಕಳೆದ ತಿಂಗಳು ಸಾಲ ವಸೂಲಿಯ ಗಿರೀಶ್ ಅಂಗಡಿ ಬಾಗಿಲಿಗೆ ಬಂದು, “ಕೆಲ್ಸ ಕೊಡೋರ್ಗೆ ಒಂದ್ ಕಾಗ್ದ ಬರುದ್ಬುಟ್ರೆ ನಿನ್ ಕತೆ ಮುಗೀತು ಕಣಮ್ಮಿ,” ಎಂದ. ಅವನ ಬಾಯಿ ಮುಚ್ಚಿಸಲು ಕಿವಿಯ ಓಲೆ ಬಿಚ್ಚಿಕೊಟ್ಟೆ. ರಸೀದಿ ಕೇಳುವ ಧೈರ್ಯವೂ ಬರಲಿಲ್ಲ. ಬಸ್ಸಿನಲ್ಲಿ ಕೂತಾಗ ಹೊಳೆಯಿತು: ಹೆದರಿಸಿದರೆ ಕೊಟ್ಟುಬಿಡುವವರು ಎಂದು ತಾವು ಯಾರನ್ನು ಸೋಸಿ ತೆಗೆಯುತ್ತಿದ್ದೀರೋ, ಅವಳು ನಾನೇ ಆಗಿಬಿಟ್ಟಿದ್ದೆ. ಅಂದಿನಿಂದ ನನಗೆ ನನ್ನ ಮೇಲೇ ಭಯ.

ನಾನು ಕೇಳುವುದಿಷ್ಟೇ. ‘ಅನರ್ಹ’ ಎಂದು ಷರಾ ಬರೆಯುವ ಮುನ್ನ ನನ್ನನ್ನೊಮ್ಮೆ ಕರೆಸಿ, ಎದುರಿಗೆ ಕೂರಿಸಿ, ವಿಚಾರಿಸಿ. ಬಾಕಿ ತೀರಿಸಲು ಆರು ತಿಂಗಳು ಕೊಡಿ. ಆಗುವುದಿಲ್ಲವೆಂದರೆ ಕಾರಣವನ್ನು ಬರೆದು ತಿಳಿಸಿ. ನನ್ನಲ್ಲಿ ಇದ್ದದ್ದು ಇದೊಂದೇ ಗುಟ್ಟು. ಇವತ್ತು ಈ ಬಹಿರಂಗ ಪತ್ರದೊಂದಿಗೆ ಅದೂ ಪತ್ರಿಕೆಯಲ್ಲಿ ಅಚ್ಚಾಗಿದೆ. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ಕೊಂಡು ಓದಬಹುದು. ಇನ್ನು ನನ್ನನ್ನು ಹೆದರಿಸಲು ಯಾರ ಕೈಯಲ್ಲೂ ಏನೂ ಉಳಿದಿಲ್ಲ, ತಮ್ಮೊಬ್ಬರನ್ನು ಬಿಟ್ಟು.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆದುಕೊಳ್ಳಲು ಇನ್ನೂ ಅಪ್ಪಣೆ ಸಿಗದ
ನಾಗಮಣಿ, ಉಮ್ಮತ್ತೂರು