ಹಿಂದಿನ ಸೀಟಿನ ಅಳತೆ

ಡಿಸೆಂಬರ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೈಯಬೇಡ. ಬರೆಯಲು ಕೂತಾಗಲೆಲ್ಲ ಯಾರೋ ಒಬ್ಬರು ಬಂದು ಹೆಗಲ ಮೇಲಿಂದ ಇಣುಕುತ್ತಾರೆ. ಫೋನು ಮಾಡೋಣವೆಂದರೆ ನಮ್ಮ ಮನೆಯ ಫೋನು ನಿನಗೆ ಗೊತ್ತೇ ಇದೆ. ನಿನ್ನ ದನಿ ಕೇಳಿದ ಕೂಡಲೇ ಅಪ್ಪ ಸ್ಪೀಕರ್ ಹಾಕಿ ಊಟದ ಮೇಜಿನ ನಡುವೆ ಇಟ್ಟುಬಿಡುತ್ತಾರೆ. ಈಗ ಅಪ್ಪ ಅಮ್ಮ ಇಬ್ಬರೂ ಮಲಗಿದ್ದಾರೆ. ಬೇಗ ಬೇಗ ಬರೆಯುತ್ತೇನೆ.

ಇಲ್ಲಿ ಚಳಿ ಬಿದ್ದಿದೆ. ಬೆಳಗ್ಗೆ ಇಬ್ಬನಿಗೆ ರಸ್ತೆ ಗಾಜಿನ ಹಾಗೆ ಜಾರುತ್ತದೆ. ಚಳಿ ಬಂತೆಂದರೆ ಆನೆಯ ಸೇವೆ ಶುರು. ಅಪ್ಪನ ಬೈಕಿಗೆ ನೀನು ಇಟ್ಟ ಆ ಹೆಸರನ್ನು ಈಗ ಬೀದಿಯವರೂ ಕರೆಯುತ್ತಾರೆ. ಅಡುಗೆಮನೆಯ ಹಿಂದಿನ ಶೆಡ್ಡಿನಲ್ಲಿ ಅದು ಠೀವಿಯಿಂದ ನಿಂತಿದೆ. ಅದರ ಬ್ಯಾಟರಿ ಮಾತ್ರ ಚಳಿ ತಾಗದಂತೆ ನಡುಮನೆಯಲ್ಲಿ, ನನ್ನ ಪುಸ್ತಕದ ಕಪಾಟಿನ ಕೆಳಗೆ, ಚಾರ್ಜರ್ ಸಿಕ್ಕಿಸಿಕೊಂಡು ಬೆಚ್ಚಗೆ ಕೂತಿದೆ. "ನಿನ್ನ ಪುಸ್ತಕಗಳಿಗಿಂತ ಇದ್ರಲ್ಲಿ ಜಾಸ್ತಿ ಶಕ್ತಿ ಇದೆ ನೋಡು" ಎಂದು ಅಪ್ಪ ದಿನಕ್ಕೊಮ್ಮೆಯಾದರೂ ರೇಗಿಸುತ್ತಾರೆ. ಸಾಹಿತ್ಯ ಓದಿ ಕೆಲಸವಿಲ್ಲದೆ ಕೂತವಳಿಗೆ ಸದ್ಯಕ್ಕೆ ಸಿಕ್ಕಿರುವ ಹುದ್ದೆ ಟಾರ್ಚು ಹಿಡಿಯುವುದು.

ಈ ವರ್ಷದ ಯೋಜನೆ ದೊಡ್ಡದು. ಬೇಸಿಗೆಯಲ್ಲಿ ಸಮುದ್ರದಂಚಿನ ರಸ್ತೆ ಹಿಡಿದು ಇಬ್ಬರೂ ನಿನ್ನ ಮನೆಗೇ ಬರುತ್ತಾರಲ್ಲ, ಅದಕ್ಕೆ. ಊಟವಾದ ಮೇಲೆ ಅಪ್ಪ ಬಾಯಿಪಾಠ ಒಪ್ಪಿಸುತ್ತಾರೆ. ಚೈನು ಹೊಸದು, ಬ್ರೇಕ್ ಪ್ಯಾಡ್ ಹೊಸದು, ಗಾಳಿ ತಡೆಯಲು ಮುಂದೆ ಎತ್ತರದ ಗಾಜು. ಇವೆಲ್ಲ ಆನೆಗೆ. ಅಮ್ಮನಿಗೆ ಒರಗಿಕೊಳ್ಳಲು ದಿಂಬು, ಕಾಲಿಡಲು ಅಗಲವಾದ ಫುಟ್‌ರೆಸ್ಟು, ಮೆತ್ತನೆಯ ಸೀಟು. "ಇನ್ನು ಟೀ ಕಾಯಿಸೋಕೆ ಒಂದು ಒಲೇನೂ ಹಾಕಿಬಿಡ್ರಿ" ಎಂದು ಅಮ್ಮ ನಗುತ್ತಾಳೆ. ಅವಳು ಹಾಗೆ ನಕ್ಕರೆ ಅಪ್ಪನ ಯೋಜನೆಗೆ ಇನ್ನೊಂದು ಸಾಮಾನು ಸೇರುತ್ತದೆ.

ಅಕ್ಕಾ, ಇದೆಲ್ಲ ಬರೆದು ಮುಖ್ಯವಾದದ್ದನ್ನು ಮುಂದಕ್ಕೆ ತಳ್ಳುತ್ತಿದ್ದೇನೆ. ಅಮ್ಮನಿಗೆ ಹುಷಾರಿಲ್ಲ. ಹೊಟ್ಟೆಯೊಳಗೆ ಗಡ್ಡೆ. ಮಳೆಗಾಲದಲ್ಲೇ ಗೊತ್ತಾಯಿತು. ಕೊಯ್ದು ತೆಗೆಯುವ ಹಂತ ದಾಟಿದೆ, ನೋವಾಗದಂತೆ ನೋಡಿಕೊಳ್ಳೋಣ ಎಂದರು ಡಾಕ್ಟರ್. ಲೈಬ್ರರಿಗೆ ಹೋಗುತ್ತೇವೆಂದು ಅಪ್ಪನಿಗೆ ಹೇಳಿ ನಾನೂ ಅಮ್ಮನೂ ಆಸ್ಪತ್ರೆಗೆ ಹೋಗುತ್ತೇವೆ. ವಾಪಸು ಬರುವಾಗ ನಿಜಕ್ಕೂ ಲೈಬ್ರರಿಗೆ ಹೊಕ್ಕು ಒಂದು ಪುಸ್ತಕ ತರುತ್ತೇವೆ. ಅಮ್ಮನಿಗೆ ಸುಳ್ಳು ಕೂಡ ಅಚ್ಚುಕಟ್ಟಾಗಿರಬೇಕು.

"ಅಪ್ಪನಿಗೆ ಹೇಳೋಣಮ್ಮ" ಎಂದು ಎಷ್ಟು ಸಲ ಗೋಗರೆದೆನೋ. "ಹೇಳಿದ್ರೆ ಅವರು ಶೆಡ್ಡಿಗೇ ಹೋಗಲ್ಲ ಕಣೇ. ನನ್ನ ಮುಂದೆ ಕುರ್ಚಿ ಹಾಕ್ಕೊಂಡು ಮುಖ ನೋಡ್ತಾ ಕೂತ್ಕೋತಾರೆ. ನನಗೆ ಅದು ಬೇಡ. ಅಡುಗೆಮನೇಲಿ ನಿಂತಾಗ ಆ ಕಡೆಯಿಂದ ಸ್ಪ್ಯಾನರ್ ಸದ್ದು ಕೇಳ್ತಿರಬೇಕು. ಆನೆ ರೆಡಿಯಾಗ್ಲಿ, ನಾನೇ ಹೇಳ್ತೀನಿ. ನಿನ್ನಕ್ಕನಿಗೂ ಬರೀಬೇಡ" ಎಂದಳು. ನಾನು ಬರೆಯುತ್ತಿದ್ದೇನೆ.

ಅಪ್ಪನಿಗೆ ಕಾಣುವುದಿಲ್ಲವೇ ಎಂದು ನೀನು ಕೇಳುತ್ತೀ. ಸೊರಗಿದ್ದು ಕಾಣದಂತೆ ಅಮ್ಮ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಳ್ಳುತ್ತಾಳೆ. ಅಪ್ಪನ ಪ್ರಕಾರ ಕೆಡುವುದು ಯಂತ್ರ ಮಾತ್ರ, ಮನುಷ್ಯರಿಗೆ ಆಗುವುದು ಸುಸ್ತು.

ಹೋದ ವಾರ ಅಳತೆ ಹಿಡಿದೆವು. ನೀನಿದ್ದಾಗ ಟೇಪು ಹಿಡಿಯುತ್ತಿದ್ದವಳು ನೀನೇ. ಏನನ್ನೂ ಬಿಚ್ಚುವ ಮೊದಲು ಅಪ್ಪ ಅಮ್ಮ ಇಬ್ಬರೂ ಪ್ರಯಾಣದ ಜಾಕೆಟ್ಟು, ಬೂಟು ಹಾಕಿಕೊಂಡು ಹತ್ತಿ ಕೂರುವುದು, ಆನೆಯ ಹಿಂಭಾಗ ಎಷ್ಟು ತಗ್ಗುತ್ತದೆಂದು ನೋಡಿ ಹಿಂದಿನ ಸ್ಪ್ರಿಂಗನ್ನು ಬಿಗಿಮಾಡುವುದು. ಹೋದ ವರ್ಷ ಎಲ್ಲಿಯವರೆಗೆ ತಗ್ಗಿತ್ತೋ ಆ ಸುಣ್ಣದಕಡ್ಡಿಯ ಗೆರೆ ಗೋಡೆಯ ಮೇಲೆ ಹಾಗೇ ಇದೆ. ಅಮ್ಮ ನನ್ನ ಹೆಗಲು ಹಿಡಿದು ಹತ್ತಿದಳು. ಆನೆ ಆ ಗೆರೆಗೆ ಇಳಿಯಲೇ ಇಲ್ಲ. ಒಂದು ಬೆರಳಿನಷ್ಟು ಮೇಲೇ ನಿಂತಿತು. ನಾನು ಟೇಪಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಗಟ್ಟಿಯಾಗಿ ಓದಿಬಿಟ್ಟೆ.

"ಸರಿಯಾಗಿ ನೋಡೇ, ಟೇಪು ಪದ್ಯ ಅಲ್ಲ, ನಿಂಗೆ ಬೇಕಾದ ಅರ್ಥ ಹಚ್ಚೋಕೆ" ಎಂದರು ಅಪ್ಪ.

ಇನ್ನೊಮ್ಮೆ ನೋಡಿದೆ. ಅಷ್ಟೇ ಇತ್ತು. ಅಪ್ಪನ ಬೆನ್ನ ಹಿಂದೆ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲೇ ಬೇಡ ಎಂದಳು.

"ಸ್ಪ್ರಿಂಗ್ ಹಿಡ್ಕೊಂಡಿದೆ. ಬಗ್ಗೋದೇ ಇಲ್ಲ ಅಂತಿದೆ. ವಯಸ್ಸಾಯ್ತು ಅದಕ್ಕೆ" ಎಂದು ಅಪ್ಪ ತೀರ್ಪು ಕೊಟ್ಟರು. ಮಾರನೆಯ ದಿನವೇ ಗ್ಯಾರೇಜಿನ ಗ್ರೀಸ್ ಮಾವನನ್ನು ಕರೆಸಿದರು. ಅವನು ಸ್ಪ್ರಿಂಗನ್ನು ಒತ್ತಿ, ತಟ್ಟಿ, ತಲೆ ಕೆರೆದುಕೊಂಡು, "ಯಜಮಾನ್ರೇ, ಇದು ನಿಮಗಿಂತ ಗಟ್ಟಿಯಾಗಿದೆ, ಇದಕ್ಕೇನಾಗಿದೆ?" ಎಂದ. ಅಪ್ಪ ಕೇಳಲಿಲ್ಲ. "ಮೆತ್ತನೆಯದು ಹೊಸದು ತರಿಸು. ಆ ರಸ್ತೆಯಲ್ಲಿ ಇವಳ ಬೆನ್ನು ಕುಲುಕಬಾರದು" ಎಂದರು. ಅಮ್ಮ ಬಾಗಿಲಲ್ಲಿ ನಿಂತು, "ಹೌದಪ್ಪ, ತರಿಸಿಬಿಡು, ಇಲ್ದಿದ್ರೆ ಇವರು ನನಗೂ ಹೊಸ ಸ್ಪ್ರಿಂಗ್ ಹಾಕ್ಸಿಬಿಡ್ತಾರೆ" ಎಂದಳು. ಮೂವರೂ ನಕ್ಕರು. ನಾನು ಟಾರ್ಚು ಆರಿಸಿ ಒಳಗೆ ಹೋದೆ.

ಇಷ್ಟು ಪುಸ್ತಕ ಓದಿದ್ದೇನೆ, ಅಕ್ಕಾ. ಇಂಥ ಕಡೆ ಆಡುವ ಒಂದು ಮಾತೂ ನನ್ನ ಹತ್ತಿರ ಇಲ್ಲ. ಹೇಳಿದರೆ ಅಮ್ಮನ ಚಳಿಗಾಲ ಹಾಳು, ಹೇಳದಿದ್ದರೆ ಅಪ್ಪನದು. ನೀನು ಏನಾದರೂ ನೆಪ ಹೂಡಿ ಬೇಗ ಬಾ. ಬೇಸಿಗೆಯವರೆಗೆ ಕಾಯಬೇಡ.

ಅಮ್ಮ ಎದ್ದ ಹಾಗಿದೆ. ನಿನಗೂ ಭಾವನಿಗೂ ಅವಳ ಆಶೀರ್ವಾದ, ಅಪ್ಪನದೂ. ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು ಎಂದು ಬರೆಯಲು ಅವಳೇ ನಿನ್ನೆ ಹೇಳಿದ್ದಳು.

ನಿನ್ನ
ಪುಸ್ತಕದ ಹುಳು

ಮರೆತ ಮಾತು: ಮರೆತದ್ದಲ್ಲ, ಈ ಕಾಗದ ಮಡಚಿಟ್ಟ ಮೇಲೆ ನಡೆದದ್ದು. ಸಂಜೆ ಅಮ್ಮ ಸ್ನಾನಕ್ಕೆ ಹೋದಾಗ ಶೆಡ್ಡಿನ ಕಿಟಕಿಯಿಂದ ಕಂಡೆ. ಅಪ್ಪ ಜಾಕೆಟ್ಟು ಹಾಕಿಕೊಂಡು ಆನೆಯ ಮೇಲೆ ಕೂತಿದ್ದರು. ಹಿಂದಿನ ಸೀಟಿಗೆ ಮರಳಿನ ಚೀಲ ಕಟ್ಟಿತ್ತು. ಹೋದ ವರ್ಷದ ಅಮ್ಮನ ತೂಕಕ್ಕೆ ತುಂಬಿಸಿದ್ದಿರಬೇಕು. ಗ್ರೀಸ್ ಮಾವ ಟೇಪು ಹಿಡಿದಿದ್ದ. ಆನೆ ಸರಿಯಾಗಿ ಹಳೆಯ ಗೆರೆಗೇ ಇಳಿದು ನಿಂತಿತ್ತು.

ಸ್ಪ್ರಿಂಗಿಗೆ ಏನೂ ಆಗಿಲ್ಲ. ಅಪ್ಪ ಇಳಿದು ಚೀಲದ ಬಾಯಿ ಬಿಚ್ಚಿ, ಡಬ್ಬಿಯಲ್ಲಿ ಮರಳು ತೆಗೆದು ನೆಲಕ್ಕೆ ಹಾಕಿದರು. ಮತ್ತೆ ಹತ್ತಿ ಕೂತರು. ಮತ್ತೆ ಇಳಿದು ತೆಗೆದರು. ನಾನು ಓದಿದ್ದ ಅಳತೆ ಬರುವವರೆಗೂ ತೆಗೆದರು. ಆಮೇಲೆ ನೆಲದ ಮೇಲಿನ ಆ ಗುಡ್ಡೆಯನ್ನೇ ನೋಡುತ್ತ ನಿಂತರು.

"ಹೊಸದು ಬೇಡ ಅಂತ ಹೇಳಿಬಿಡ್ಲಾ?" ಎಂದು ಮಾವ ಕೇಳಿದ.

"ಮೆತ್ತನೆಯದೇ ಹಾಕು" ಎಂದರು ಅಪ್ಪ.

ಸ್ನಾನ ಮುಗಿಸಿ ಬಂದ ಅಮ್ಮ ಬಾಗಿಲಿಂದ ಇಣುಕಿ, "ಇದೇನ್ರೀ ಇಷ್ಟೊಂದು ಮರಳು?" ಎಂದಳು.

"ಆಯಿಲ್ ಚೆಲ್ತು, ಅದಕ್ಕೆ ಹಾಕಿದ್ದು. ಜಾರ್ತೀಯ, ಈ ಕಡೆ ಬರಬೇಡ" ಎಂದರು. ಅಮ್ಮ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ ಟೀ ಇಡಲು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸ್ಪ್ಯಾನರ್ ಸದ್ದು ಶುರುವಾಯಿತು.

ಆ ಮರಳು ಗುಡಿಸಲೆಂದು ಹೋದವಳು ಪೊರಕೆ ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ಗುಡಿಸಬೇಡ ಅಂದಿದ್ದಾರೆ ಅಪ್ಪ.