ಎಣಿಸದೆ ಕೊಂಡ ಪುಸ್ತಕ

ಮಹಡಿ ಮನೆ,
ಸೋಮವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಲ್ಲುನೋವು ಕಡಿಮೆಯಾಯಿತಾ? ಕಳೆದ ಸಲ ಜಾಲರಿಯ ಆಚೆ ನಿಂತು ನೀನು ಕೆನ್ನೆ ಹಿಡಿದುಕೊಂಡೇ ಮಾತನಾಡಿದೆ, ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಳು. ಜೈಲಿಗೆ ಹಲ್ಲಿನ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಾರಂತಲ್ಲ, ಕೀಳಿಸಿಬಿಡು. ಅಷ್ಟು ದೊಡ್ಡ ಗಲಾಟೆ ಮಾಡಿ ಒಳಗೆ ಹೋದವನು ಇಕ್ಕಳಕ್ಕೆ ಹೆದರುತ್ತಾನೆ ಎಂದರೆ ಯಾರಾದರೂ ನಗುತ್ತಾರೆ. ಅಮ್ಮ ಚೆನ್ನಾಗಿದ್ದಾಳೆ. ದಿನಕ್ಕೆ ನಲವತ್ತು ಕಾಲರ್ ಹೊಲಿಯುತ್ತಾಳೆ, ಬೆನ್ನು ನೋವು ಎನ್ನುತ್ತಾಳೆ, ನಿಲ್ಲಿಸು ಎಂದರೆ ನನ್ನನ್ನೇ ಬೈಯುತ್ತಾಳೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನೀನು ಬೈಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಏನಾಯಿತು ಎಂಬುದನ್ನು ಅದರ ಸರದಿ ಬಂದಾಗ ಹೇಳುತ್ತೇನೆ, ಮೊದಲೇ ಹೇಳಿದರೆ ನೀನು ಉಳಿದದ್ದನ್ನು ಓದುವುದಿಲ್ಲ. ನಿನಗಿಂತ ಮುಂಚೆ ಈ ಪತ್ರ ಓದುವ ಸಾಹೇಬರಿಗೂ ನಮಸ್ಕಾರ. ದಯವಿಟ್ಟು ಅವರೂ ಅರ್ಧಕ್ಕೆ ನಿಲ್ಲಿಸದಿರಲಿ.

"ಟ್ರಂಕಿನಲ್ಲಿರೋದನ್ನೆಲ್ಲ ಮಾರಿಬಿಡು, ಆದರೆ ಯಾರಿಗೂ ಕನಿಕರದ ಬೆಲೆಗೆ ಕೊಡಬೇಡ" ಎಂದು ನೀನು ಹೇಳಿದ್ದೆಯಲ್ಲ, ನಿನ್ನೆ ಭಾನುವಾರ ಟ್ರಂಕು ಹೊತ್ತುಕೊಂಡು ಹೋಗಿ ಅದಕ್ಕೇ ಕೈಹಾಕಿದೆ. ಕಾಮಿಕ್ಸ್ ಕೂಟ ಈಗಲೂ ನಮ್ಮ ಬೈಂಡಿಂಗ್ ಶಾಪಿನಲ್ಲೇ ಸೇರುತ್ತದೆ. ಅದೇ ಸರೇಸಿನ ಅಂಟಿನ ವಾಸನೆ, ಅದೇ ಉದ್ದನೆಯ ಮೇಜು, ಮೂಲೆಯಲ್ಲಿ ಅದೇ ಕಾಗದ ಕತ್ತರಿಸುವ ಯಂತ್ರ. ಯಜಮಾನರು ನನಗೆ ವಾರವಿಡೀ ಕೆಲಸ ಹೇಳುವವರು, ಭಾನುವಾರ ಮಾತ್ರ "ಬನ್ನಿ ಸಾಹುಕಾರರೇ" ಎಂದು ಕುರ್ಚಿ ಎಳೆದು ಕೊಡುತ್ತಾರೆ. ನಿಯಮಗಳೂ ನೀನು ಬಿಟ್ಟುಹೋದ ಹಾಗೇ ಇವೆ. ಮೊದಲು ದೋಷ ಹೇಳಬೇಕು, ಆಮೇಲೆ ಬೆಲೆ. ಒಬ್ಬ ಪುಸ್ತಕದ ಮೇಲೆ ಅಂಗೈ ಇಟ್ಟರೆ ಅವನು ಕೈ ತೆಗೆಯುವವರೆಗೆ ಇನ್ನೊಬ್ಬ ಬೆಲೆ ಏರಿಸುವಂತಿಲ್ಲ. ವ್ಯಾಪಾರ ಕುದುರಿದ ಮೇಲೆ ಮಾರುವವನು ಪುಟ ತಿರುಗಿಸುತ್ತಾ, ಅಚ್ಚಾದ ಅಂಕಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಬೇಕು. ಕೊನೆಯ ಅಂಕಿ ಮುಗಿದರೆ ಮುಗಿಯಿತು, ಆಮೇಲೆ ತಕರಾರಿಲ್ಲ. ಆಪ್ತ ಸ್ನೇಹಿತರ ನಡುವೆ ಮಾತ್ರ ಎಣಿಕೆ ಬೇಡ, ಎಣಿಸಿ ಎಂದರೆ ಅವನನ್ನು ಕಳ್ಳ ಎಂದ ಹಾಗೆ. ಇದನ್ನು ನನಗೆ ಕಲಿಸಿದವನು ನೀನೇ.

ನಿನ್ನ 'ಆಳಕಡಲ ಸರದಾರ'ನ ನಲವತ್ತೊಂದನೇ ಸಂಚಿಕೆಯನ್ನು ತೆಗೆದೆ. ಕೋರ್ಟಿನಿಂದ ವಾಪಸು ಬಂದ, ನಡುಹಾಳೆಯಿಲ್ಲದ ಒಳ್ಳೆಯ ಪ್ರತಿಯಲ್ಲ, ನಾವಿಬ್ಬರೂ ಓದಿ ಓದಿ ಬಾಳೆಎಲೆಯ ಹಾಗೆ ಸೀಳಿದ ಹಳೆಯ ಪ್ರತಿ. ಬೆನ್ನು ಬಿರಿದಿದೆ, ಹೊದಿಕೆಯ ಮೇಲೆ ಚಹಾ ಲೋಟದ ಗುರುತಿದೆ, ಎರಡನೇ ಪುಟದಲ್ಲಿ ನಾನು ಸರದಾರನಿಗೆ ಮೀಸೆ ಬರೆದಿದ್ದೇನೆ ಎಂದು ದೋಷ ಒಪ್ಪಿಸಿ ನಾನೂರು ಎಂದೆ. ಔಷಧಿ ಅಂಗಡಿಯವನು ಅಂಗೈ ಇಟ್ಟು ಇನ್ನೂರು ಎಂದ. ಮೀಸೆಗೇ ನೂರು ಇಳಿಸಬೇಕಂತೆ. "ಅವಧಿ ಮುಗಿದ ಮಾತ್ರೆಗೆ ನೀನು ಎಷ್ಟು ಇಳಿಸ್ತೀಯಪ್ಪಾ?" ಎಂದು ಯಾರೋ ಹಿಂದಿನಿಂದ ಕೇಳಿದರು. ಅವನು ಕೈ ತೆಗೆಯಲೂ ಇಲ್ಲ, ಬೆಲೆ ಏರಿಸಲೂ ಇಲ್ಲ, ಹೆಂಚಿನ ಮೇಲಿನ ಹಲ್ಲಿಯ ಹಾಗೆ ಅಂಟಿಕೊಂಡು ಕಾಲು ಗಂಟೆ ಕೂತ. ಕಡೆಗೆ ಮುನ್ನೂರೈವತ್ತಕ್ಕೆ ಬಂದ. "ಎಣಿಸು" ಎಂದ.

ಇನ್ನು ಯಾರ್ಯಾರು ಇದ್ದರು ಹೇಳಬೇಕು. ನಿನ್ನ ಗೆಳೆಯ ಗೂಳಿ ಇದ್ದ, ವ್ಯಾನಿನ ಕೀಲಿ ತಿರುಗಿಸುತ್ತಾ ಬಾಗಿಲಿಗೆ ಒರಗಿದ್ದ. ವಾಚ್ ರಿಪೇರಿಯವರೂ ಇದ್ದರು. ಅವರು ಬರುತ್ತಾರೆ ಎಂದು ನಾನು ನಿನಗೆ ಎಂದೂ ಹೇಳಿರಲಿಲ್ಲ. ಮೂರು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಮೇಜಿನ ತುದಿಯಲ್ಲಿ ಏಳೆಂಟು ಪುಸ್ತಕ ಹರಡಿಕೊಂಡು ಕೂರುತ್ತಾರೆ, ಕೂಟ ಮುಗಿದ ಮೇಲೆ ಅಷ್ಟನ್ನೂ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಒಬ್ಬನೂ ಅವರ ಪುಸ್ತಕದ ಮೇಲೆ ಅಂಗೈ ಇಡುವುದಿಲ್ಲ. ನಡುಹಾಳೆ ಕದ್ದು ಪುಸ್ತಕವನ್ನು ಸ್ನೇಹಿತನಿಗೆ ಮಾರಿದವನು ಎಂಬ ಹೆಸರು ಅವರ ಬಲಗಣ್ಣಿನ ಕಪ್ಪು ಬಟ್ಟೆಗಿಂತ ದೊಡ್ಡದಾಗಿ ಕಾಣುತ್ತದೆ.

ಎಣಿಸಲು ಶುರುಮಾಡಿದೆ. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಮುಂದಿನ ಪುಟದಲ್ಲಿ ಮತ್ತೆ ಹದಿನೈದು ಇತ್ತು. ನಾನು ಇದ್ದದ್ದನ್ನೇ ಓದಿದೆ. ಹದಿನೈದು, ಹದಿನಾರು. "ಸ್ಕೂಲು ಬಿಟ್ಟವನ ಕೈಗೆ ಎಣಿಕೆ ಕೊಟ್ಟರೆ ಹೀಗೇ, ಹಿಂದಕ್ಕೆ ನಡೀತಾನೆ!" ಎಂದ ಔಷಧಿಯವನು, ಎಲ್ಲರೂ ನಕ್ಕರು. ನನ್ನ ಕಿವಿಗೆ ನಗು ಬೀಳಲಿಲ್ಲ. ಆ ಎರಡನೇ ಹದಿನೈದು ಬೆಳ್ಳಗಿತ್ತು, ಅಣ್ಣಾ. ಹಳೆಯ ಪ್ರತಿಯ ಹಾಳೆಗಳೆಲ್ಲ ಹಳದಿ, ಅದೊಂದು ಮಾತ್ರ ನಿನ್ನೆ ಅಚ್ಚಾದ ಹಾಗೆ ಇತ್ತು. ಮಧ್ಯದಲ್ಲಿ ಮುಳುಗುವ ಹಡಗಿನ ದೊಡ್ಡ ಚಿತ್ರ, ಬಣ್ಣ ಎಲ್ಲೂ ಮಾಸಿಲ್ಲ. ಅದು ಯಾವ ಪುಸ್ತಕದ ಹಾಳೆ ಎಂದು ನನಗೆ ತಕ್ಷಣ ಗೊತ್ತಾಯಿತು. ಎರಡು ಎಲೆ ಒಟ್ಟಿಗೆ ತಿರುಗಿಸಿಬಿಟ್ಟಿದ್ದರೆ, ಓದಿದ್ದು ತಪ್ಪಾಯಿತು ಎಂದಿದ್ದರೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪುಸ್ತಕವನ್ನು ಮೇಜಿನ ನಡುವೆ ಬಿಚ್ಚಿ ಇಟ್ಟು, "ಇದರಲ್ಲಿ ಒಂದು ಹಾಳೆ ಹೆಚ್ಚಿದೆ" ಎಂದೆ.

ಮೂರು ವರ್ಷದ ಹಿಂದಿನ ಆ ಭಾನುವಾರವನ್ನು ನೀನು ಮರೆತಿರುವುದಿಲ್ಲ. ವಾಚ್‌ನವರಿಂದ ಎಣಿಸದೆ ಕೊಂಡಿದ್ದ ಒಳ್ಳೆಯ ಪ್ರತಿಯನ್ನು ಮೂರು ವಾರ ಟ್ರಂಕಿನಲ್ಲಿಟ್ಟು, ಹೊರಗಿನಿಂದ ಬಂದವನೊಬ್ಬನಿಗೆ ಇದೇ ಮೇಜಿನ ಮೇಲೆ ಮಾರಲು ತೆಗೆದೆ. ಹದಿನಾಲ್ಕಾದ ಮೇಲೆ ಹತ್ತೊಂಬತ್ತು ಬಂತು. ಆ ಮನುಷ್ಯ "ನಿಮ್ಮಲ್ಲಿ ಹೀಗಾ?" ಎಂದು ನಕ್ಕು ಎದ್ದುಹೋದ. ನಿನ್ನ ಕುತ್ತಿಗೆ ಕೆಂಪಾದದ್ದು ನನಗೆ ನೆನಪಿದೆ. ನೀನು, ಗೂಳಿ ಮುಂದೆ, ನಾನು ಹಿಂದೆ, ವಾಚ್ ಅಂಗಡಿಗೆ ಓಡಿದೆವು. ಅವರು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಕೈಗಡಿಯಾರದ ಹೊಟ್ಟೆ ಬಿಚ್ಚಿದ್ದರು, ನಿನ್ನನ್ನು ನೋಡಿ "ಬಾ, ಚಹಾ ಹೇಳ್ತೀನಿ" ಎಂದರು. ಗೂಳಿ ಅವರ ಎರಡೂ ಕೈ ಹಿಂದಕ್ಕೆ ತಿರುಚಿ ಹಿಡಿದ. ನೀನು ಕೂದಲು ಹಿಡಿದು ಮುಖವನ್ನು ಗಾಜಿನ ಪೆಟ್ಟಿಗೆಗೆ ಗುದ್ದಿದೆ. ಮೊದಲ ಸಲ ಗಾಜು ಸೀಳಿತು, ಎರಡನೇ ಸಲ ಒಡೆಯಿತು. ಮೂರನೇ ಸಲ ಗುದ್ದುವಾಗ ಅಲ್ಲಿ ಗಾಜೇ ಇರಲಿಲ್ಲ, ಅದರ ಚೂಪು ಅಂಚು ಮಾತ್ರ ಇತ್ತು. ಅವರು ಕೂಗಲಿಲ್ಲ. "ಎಣಿಸಿಕೋ ಅಂದಿದ್ದೆನಲ್ಲೋ, ಅವತ್ತೇ ಎಣಿಸಿಕೋ ಅಂದಿದ್ದೆನಲ್ಲೋ" ಎಂದು ನೆಲಕ್ಕೆ ರಕ್ತ ಸುರಿಸುತ್ತಾ ಹೇಳುತ್ತಿದ್ದರು. ಹಾಳೆ ಕಿತ್ತದ್ದನ್ನು ಅವರು ತನ್ನೆದುರೇ ಒಪ್ಪಿಕೊಂಡರು ಎಂದು ಗೂಳಿ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಪಾರಾದ. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಒಪ್ಪಿಕೊಂಡದ್ದನ್ನು ನಾನು ಕೇಳಲಿಲ್ಲ. ನನ್ನನ್ನು ಯಾರೂ ಕೇಳಲೂ ಇಲ್ಲ.

ಈಗ ಆ ಹಾಳೆಯ ಕಥೆ. ನೀನು ಅದನ್ನು ಕೊಂಡ ವಾರವೇ ನಾನು ಟ್ರಂಕು ತೆಗೆದಿದ್ದೆ. ನನಗಾಗ ಹದಿನಾಲ್ಕು. ಸ್ಕೂಲು ಬಿಟ್ಟು ಬೈಂಡಿಂಗಿಗೆ ಸೇರಿ ಎರಡು ತಿಂಗಳಾಗಿತ್ತು, ಹಾಳೆ ಹರಿಯದ ಹಾಗೆ ಪಿನ್ನು ಎಬ್ಬಿಸಿ ಮತ್ತೆ ಮಡಚುವುದನ್ನು ಕಲಿತ ಜಂಬ ಬೇರೆ. ಹಡಗಿನ ಚಿತ್ರವನ್ನು ಮೇಲೆ ಕಾಗದ ಇಟ್ಟು ಬರೆದುಕೊಳ್ಳಬೇಕೆಂಬ ಆಸೆ. ಹಳೆಯ ಪ್ರತಿಯಲ್ಲಿ ಗೆರೆ ಮಾಸಿತ್ತು. ಎರಡರ ಪಿನ್ನೂ ಎಬ್ಬಿಸಿ ಪಕ್ಕಪಕ್ಕ ಇಟ್ಟು, ಹೊಸದರ ನಡುಹಾಳೆ ತೆಗೆದು ಚಿತ್ರ ಬರೆದುಕೊಂಡೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿನ್ನ ಚಪ್ಪಲಿಯ ಸದ್ದು. ಗಡಿಬಿಡಿಯಲ್ಲಿ ಆ ಹಾಳೆಯನ್ನು ಹಳೆಯದರ ಹೊಟ್ಟೆಗೆ ಸೇರಿಸಿ ಎರಡರ ಪಿನ್ನೂ ಮಡಚಿದ್ದೇನೆ. ಸರಿಯಾದ ಪುಸ್ತಕಕ್ಕೇ ಹಾಕಿದೆ ಎಂದು ನಿನ್ನೆಯವರೆಗೆ ನಂಬಿದ್ದೆ, ಅದು ನಿಜ. ಆದರೆ ಹತ್ತೊಂಬತ್ತು ಬಂದ ದಿನ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು: "ಅಣ್ಣಾ, ನಾನೊಂದು ಸಲ ಬಿಚ್ಚಿದ್ದೆ". ಹೊಡೆಯುತ್ತೀಯ ಎಂದು ನುಂಗಿದೆ. ನನಗೆ ಬೀಳಬೇಕಾದ ಎರಡು ಏಟು ಅವರ ಕಣ್ಣಿಗೆ ಬಿತ್ತು.

ಇದಷ್ಟನ್ನೂ ನಿನ್ನೆ ಮೇಜಿನ ಮುಂದೆ ನಿಂತು ಹೇಳಿದೆ. ಮುಗಿಯುವ ಮುಂಚೆಯೇ ಗೂಳಿ ಬಂದ. "ಬಾಯಿ ಮುಚ್ಚೋ, ನಿನ್ನಣ್ಣನ ಜೊತೆ ನನ್ನನ್ನೂ ಹೂಳ್ತೀಯಾ?" ಎಂದು ಮುಷ್ಟಿಯಿಂದ ಬಾಯಿಗೇ ಕೊಟ್ಟ. ಮುಂದಿನ ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಬಿತ್ತು. ನಾನು ಬಿದ್ದ ಮೇಲೆ ಪಕ್ಕೆಗೆ ಒದ್ದ. ಆಮೇಲೆ ಆ ಬಿಳಿ ಹಾಳೆಯನ್ನು ಪುಸ್ತಕದಿಂದ ಕಿತ್ತುಕೊಂಡು ಕತ್ತರಿಸುವ ಯಂತ್ರದ ಕಡೆ ಹೋದ. ಚೂರು ಮಾಡಿಬಿಟ್ಟರೆ ಉಳಿಯುವುದು ಸ್ಕೂಲು ಬಿಟ್ಟ ಹುಡುಗನ ಮಾತು ಮಾತ್ರ, ಅದು ಅವನಿಗೆ ಗೊತ್ತಿತ್ತು. ಹಾಳೆಯನ್ನು ಅಲಗಿನ ಕೆಳಗೆ ತುರುಕಿದ. ನಾನು ಓಡಿಹೋಗಿ ಅವನ ಮೊಣಕೈ ಕಚ್ಚಿದೆ, ಬಾಯಿ ತುಂಬ ರಕ್ತ, ನನ್ನದೋ ಅವನದೋ ಗೊತ್ತಿಲ್ಲ. ಕೈ ಹಾಕಿ ಹಾಳೆ ಎಳೆದೆ. ಅವನು ಹಿಡಿ ಒತ್ತಿದ. ಹಾಳೆ ಬಂತು, ತೋರುಬೆರಳಿನ ತುದಿ ಬರಲಿಲ್ಲ. ನೋವು ತಡವಾಗಿ ಬಂತು, ಮೊದಲು ಬಂದದ್ದು ಸದ್ದು. ದಿನಾ ರಟ್ಟು ಕತ್ತರಿಸುವಾಗ ಕೇಳುವ ಅದೇ ಸದ್ದು. ಅವನು ಮತ್ತೆ ಹಾಳೆಗೆ ಕೈಹಾಕುವಷ್ಟರಲ್ಲಿ ಯಜಮಾನರು ಒಲೆಯ ಮೇಲಿದ್ದ ಸರೇಸಿನ ಪಾತ್ರೆ ಎತ್ತಿ ಅವನ ಬೆನ್ನಿಗೆ ಸುರಿದರು. ಗೂಳಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ, ಹಾಗೆ ಅರಚುತ್ತಾ ಹೋದ. ಔಷಧಿಯವನು ಮೇಜಿನ ಕೆಳಗಿದ್ದ. ಹತ್ತಿಯಾದರೂ ಕೊಡೋ ಎಂದರೆ ಅಂಗಡಿ ಭಾನುವಾರ ಮುಚ್ಚಿರುತ್ತೆ ಎಂದ.

ವಾಚ್‌ನವರು ಅಷ್ಟು ಹೊತ್ತೂ ಎದ್ದಿರಲಿಲ್ಲ. ಎಲ್ಲ ಮುಗಿದ ಮೇಲೆ ಬಂದು ನನ್ನ ಮುಷ್ಟಿಯಿಂದ ಹಾಳೆ ಬಿಡಿಸಿಕೊಂಡರು. ಭೂತಗನ್ನಡಿಯನ್ನು ಈಗ ಎಡಗಣ್ಣಿಗೆ ಹಾಕುತ್ತಾರೆ. ಟ್ರಂಕಿನಿಂದ ಹಾಳೆಯಿಲ್ಲದ ಪ್ರತಿಯನ್ನು ತೆಗೆಸಿ, ಪಿನ್ನಿನ ತೂತಿಗೆ ತೂತು ಹೊಂದಿಸಿ ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅಲ್ಲಿದ್ದವರ ಕಡೆ ತಿರುಗಿ ಒಂದೇ ಮಾತು ಹೇಳಿದರು, "ನೋಡಿಕೊಳ್ರಪ್ಪಾ." ಒಬ್ಬೊಬ್ಬರೇ ಬಂದು ನೋಡಿದರು. ಕೊನೆಗೆ ಔಷಧಿಯವನು ಮೇಜಿನ ಕೆಳಗಿಂದ ಎದ್ದು ಬಂದು, ಅವರು ಹರಡಿದ್ದ ಪುಸ್ತಕವೊಂದರ ಮೇಲೆ ಅಂಗೈ ಇಟ್ಟ. ಅವರು ಅವನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. "ಇವತ್ತು ಮಾರಾಟ ಇಲ್ಲ" ಎಂದರು. ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಕ್ಷಮಿಸಿದರು ಎಂದು ನಾನು ಬರೆಯುವುದಿಲ್ಲ, ಅವರು ಹಾಗೆ ಹೇಳಿಲ್ಲ.

ಅಮ್ಮನಿಗೆ ಮನೆಗೆ ಬಂದ ಕೂಡಲೇ ಹೇಳಿದೆ. ಕಟ್ಟು ಹಾಕಿದ ಕೈ ನೋಡಿ ಅತ್ತಳು, ಪೂರ್ತಿ ಕೇಳಿದ ಮೇಲೆ ಕೆನ್ನೆಗೆ ಬಾರಿಸಿದಳು, ಆಮೇಲೆ ಮುರಿದ ಹಲ್ಲಿನ ಕಡೆಯೇ ಹೊಡೆದೆನಲ್ಲಾ ಎಂದು ಮತ್ತೆ ಅತ್ತಳು. ಬುಧವಾರ ಠಾಣೆಗೆ ಹೋಗಿ ಎಲ್ಲ ಬರೆಸುತ್ತೇನೆ. ಇದರಿಂದ ನಿನ್ನ ಬಿಡುಗಡೆ ಮುಂದಕ್ಕೆ ಹೋಗುತ್ತದೆಯೇ ಎಂದು ವಕೀಲರನ್ನು ಕೇಳಿದೆ, ಹೇಳಲಾಗದು ಎಂದರು. ಆದರೂ ಬರೆಸುತ್ತೇನೆ. ಪ್ರತಿ ಸಲ ಜಾಲರಿಯ ಹಿಂದಿನಿಂದ ನೀನು "ಕಳ್ಳನಿಗೆ ಒಂದು ಕಣ್ಣು ಸಾಕು" ಎನ್ನುತ್ತೀಯಲ್ಲ, ನಾನೂ ತಲೆಯಾಡಿಸುತ್ತಿದ್ದೆ. ಇನ್ನು ಆಡಿಸಲಾರೆ. ನನ್ನನ್ನು ಬೈ, ಹೊರಗೆ ಬಂದ ಮೇಲೆ ಹೊಡಿ, ಬಾಕಿ ಇದ್ದದ್ದೇ ತಾನೆ. ಆದರೆ ಆ ಮಾತನ್ನು ಮತ್ತೆ ಆಡಬೇಡ.

ಹಲ್ಲು ಕೀಳಿಸಿಕೋ. ಉಪ್ಪುನೀರು ಮುಕ್ಕಳಿಸು ಎಂದು ಅಮ್ಮ ಹೇಳಿದ್ದಾಳೆ, ಅವಳ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ. ನನ್ನ ನಮಸ್ಕಾರ ಒಂಬತ್ತೂವರೆ ಬೆರಳಿನದು, ಒಪ್ಪಿಸಿಕೋ.

ನಿನ್ನ ತಮ್ಮ,
ಮೊಂಡ

ಮರೆತಿದ್ದೆ, ಅಂಚೆಗೆ ಹೊತ್ತಾಯಿತು: ಗುರುವಾರದ ಭೇಟಿಗೆ ನನ್ನ ಜೊತೆ ಅಮ್ಮ ಬರುವುದಿಲ್ಲ, ವಾಚ್‌ನವರು ಬರುತ್ತಾರೆ. ಅವರೇ ಕೇಳಿದ್ದು. ಆ ಒಳ್ಳೆಯ ಪ್ರತಿಗೆ ನಡುಹಾಳೆ ಸೇರಿಸಿ ತರುತ್ತಾರೆ. ಪಿನ್ನು ಒಳಗೆ ಬಿಡುವುದಿಲ್ಲವಂತೆ, ಅದಕ್ಕೆ ದಾರ ಹಾಕಿದ್ದೇನೆ. ದೋಷ: ಹದಿನೆಂಟನೇ ಪುಟದ ಮೂಲೆಯಲ್ಲಿ ರಕ್ತದ ಕಲೆ, ನನ್ನದು. ಅವರು ಕೇಳುವುದು ಇಷ್ಟೇ, ಅವತ್ತು ನೀನು ಎಣಿಸದೆ ಕೊಂಡದ್ದನ್ನು ಈಗ ಅವರ ಎದುರು ಎಣಿಸಿ ಕೊಳ್ಳಬೇಕು. ಅವರು ಜಾಲರಿಯ ಈಚೆ ಪುಟ ತಿರುಗಿಸುತ್ತಾರೆ. ಭೂತಗನ್ನಡಿಯಿಲ್ಲದೆ ಅಷ್ಟು ಸಣ್ಣ ಅಂಕಿ ಈಗ ಅವರಿಗೆ ಕಾಣುವುದಿಲ್ಲ, ನೀನೇ ಓದಿ ಹೇಳಬೇಕು. ಹದಿನಾಲ್ಕಾದ ಮೇಲೆ ಈ ಸಲ ಹದಿನೈದೇ ಬರುತ್ತದೆ. ನಿಲ್ಲಿಸಬೇಡ ಅಣ್ಣಾ, ಮೂವತ್ತೆರಡರವರೆಗೂ ಓದು, ಕಾವಲಿನವರಿಗೂ ಕೇಳುವ ಹಾಗೆ.