ಕರಪತ್ರದ ಮೂರನೇ ಸಾಲು

ಚಿಕ್ಕಮ್ಮನಿಗೆ,

ನಿನ್ನನ್ನು ಕೇಳದೆ ನಿನ್ನ ಗುಟ್ಟನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದು ನನ್ನ ತಪ್ಪು.

ಹನ್ನೆರಡು ಮಹಡಿಯ ಆ ಕಚೇರಿಯಲ್ಲಿ ನೆಲ ಒರೆಸುವವರಿಗೆ ಕೂರಲು ಜಾಗವಿಲ್ಲ, ಅದಕ್ಕೇ ಶೌಚಾಲಯದ ಬಾಗಿಲು ಹಾಕಿಕೊಂಡು, ಬಕೆಟ್ ಬೋರಲು ಹಾಕಿ ಕೂತು ಊಟ ಮಾಡುತ್ತೇನೆ ಎಂದು ನೀನು ನನಗೊಬ್ಬಳಿಗೇ ಹೇಳಿದ್ದೆ. ಅದನ್ನೇ ನಾನು, ನಿಮಗೆಲ್ಲ ಊಟದ ಕೋಣೆ ಬೇಕೆಂದು ಬರೆದ ಕರಪತ್ರದ ಮೂರನೇ ಸಾಲು ಮಾಡಿದೆ. ಹೆಸರು ಹಾಕಿಲ್ಲವಲ್ಲ ಅಂದುಕೊಂಡೆ. ಆದರೆ ಓದುವವರ ಕಣ್ಣಿಗೆ ಕಟ್ಟಲಿ ಎಂದು ನಿನ್ನ ಹಿಡಿ ಮುರಿದ ಹಸಿರು ಊಟದ ಡಬ್ಬಿಯನ್ನೂ ಸೇರಿಸಿದೆ. ಆ ಡಬ್ಬಿಯನ್ನು ದಿನಾ ತೊಳೆಯುವ ನಿನ್ನ ಮಗಳು ಓದಿದ ಕೂಡಲೇ ಗುರುತು ಹಿಡಿದಳು. ಕ್ಯಾಂಟೀನಿನಲ್ಲಿ ಫ್ಯಾನಿನ ಕೆಳಗೆ ಎಲ್ಲರ ಜೊತೆ ಉಣ್ಣುತ್ತೇನೆ ಎಂದು ನೀನು ಅವಳಿಗೆ ಹೇಳಿಕೊಂಡು ಬಂದಿದ್ದು ನನಗೆ ಗೊತ್ತಿತ್ತು.

"ಅಷ್ಟೊಂದು ಓದ್ತೀಯಲ್ಲೇ, ಚಿಕ್ಕಮ್ಮನ್ನ ಒಂದು ಮಾತು ಕೇಳಬೇಕು ಅಂತ ಯಾವ ಪುಸ್ತಕದಲ್ಲೂ ಇರಲಿಲ್ವಾ?" ಎಂದು ನೀನು ಕೇಳಿದೆ. ದುಡಿಯುವವರ ಮರ್ಯಾದೆ ಎಂದು ಬೀದಿಬೀದಿಯಲ್ಲಿ ಕೂಗುವವಳು ನಾನು, ನಿನ್ನ ಮರ್ಯಾದೆಯನ್ನೇ ಮರೆತಿದ್ದೆ.

ಊಟದ ಕೋಣೆ ಬೇಕು ಎನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಸೋಮವಾರದ ಧರಣಿಗೆ ಬಾ ಎಂದು ನಿನ್ನನ್ನು ಕರೆಯುವ ಮುಖ ನನಗಿಲ್ಲ. ಉಳಿದ ಇನ್ನೂರು ಹಾಳೆಗಳನ್ನು ಹರಿದುಹಾಕಿದ್ದೇನೆ. ಹೊಸ ಕರಪತ್ರದಲ್ಲಿ ಮೂರನೇ ಸಾಲಿನ ಜಾಗ ಖಾಲಿ ಇದೆ. ನೀನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಬೇಡ ಎಂದರೆ ಖಾಲಿಯೇ ಅಚ್ಚಾಗಲಿ.

ಡಬ್ಬಿಗೆ ಹೊಸ ಹಿಡಿ ಹಾಕಿಸಿಕೊಡುತ್ತೇನೆ, ಬರುವಾಗ ತಾ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಚ್ಚಿನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕಾಯುತ್ತಿರುತ್ತೇನೆ.

ನಿನ್ನ ಅಕ್ಕನ ಮಗಳು